ಹಿಕ್ಮಾ ಮತ್ತು ಹಿಕಮತ್ತು: ಎರಡೂ ಒಂದೇ ಪದವೇ?

ಅರಬ್ಬಿಯ ‘ಹಿಕ್ಮಾ’ ಅಂದರೆ ವಿವೇಕ, ನಮ್ಮ ‘ಹಿಕಮತ್ತು’ ಅಂದರೆ ಕುತಂತ್ರ, ಇವೆರಡೂ ಒಂದೇನಾ ಅಂತ ಕೇಳಿದ್ದೀರಿ. ಹೌದು, ಒಂದೇ ಪದ. ಪಾರಸಿ, ಉರ್ದುವಿನ ದಾರಿಯಲ್ಲಿ ನಮ್ಮಲ್ಲಿಗೆ ಬಂತು. ಪಕ್ಕದ ಮರಾಠಿಯಲ್ಲಿ ‘ಹಿಕಮತಿ’ ಅಂದರೆ ಯುಕ್ತಿವಂತ. ನಮ್ಮಲ್ಲಿ ಆ ಯುಕ್ತಿಯೇ ಇನ್ನೂ ಸ್ವಲ್ಪ ಜಾರಿ ಕುಯುಕ್ತಿ ಆಯಿತು.

ಇದರ ಮೂಲ ಹ-ಕ-ಮ ಅನ್ನುವ ಮೂರು ಅಕ್ಷರ. ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲಿದೆ. ಅದೇ ಮೂಲದ ‘ಹಕಮಾ’ ಅಂದರೆ ಕುದುರೆಯ ಕಡಿವಾಣದ ಭಾಗ. ಓಡುವ ಕುದುರೆಯನ್ನು ಅದು ಹಿಡಿದು ನಿಲ್ಲಿಸುತ್ತದೆ. ಹಾಗೆಯೇ ಮನುಷ್ಯನನ್ನು ತಪ್ಪು ದಾರಿಯಿಂದ ತಡೆಯುವುದು ಹಿಕ್ಮಾ ಅಂತ ಹಳೆಯ ಅರಬ್ಬಿ ನಿಘಂಟುಕಾರರು ವಿವರಿಸುತ್ತಾರೆ. ಎಷ್ಟು ಚೆಂದ ಅಲ್ವಾ!

ಯುನಾನಿ ವೈದ್ಯರನ್ನು ಹಕೀಮರು ಅನ್ನುವುದೂ ಇದರಿಂದಲೇ. ಹಕೀಮ ಅಂದರೆ ಮೊದಲು ತಿಳಿದವನು, ಆಮೇಲೆ ವೈದ್ಯ. ಉರ್ದುವಿನಲ್ಲಿ ಆ ವೈದ್ಯ ಪದ್ಧತಿಗೇ ಹಿಕ್ಮತ್ ಅನ್ನುತ್ತಾರೆ. ಟರ್ಕಿಯಲ್ಲೂ ‘ಹೆಕಿಮ್’ ಅಂದರೆ ಡಾಕ್ಟರು. ಆದರೆ ಇಂಡೋನೇಷ್ಯಾದಲ್ಲಿ ‘ಹಾಕಿಮ್’ ಅಂದರೆ ನ್ಯಾಯಾಧೀಶ. ಅಲ್ಲಿ ‘ಹಿಕ್ಮಾ’ ಅಂದರೆ ಕಷ್ಟದ ಹಿಂದೆ ಅಡಗಿರುವ ಒಳಿತು ಅಂತಲೂ ಅರ್ಥ ಇದೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ‘ಹೆಕಿಮಾ’ ಮಾತ್ರ ಇವತ್ತಿಗೂ ಅಪ್ಪಟ ವಿವೇಕ.

ಇನ್ನೊಂದು ಮಾತು. ನಮ್ಮ ‘ಹುಕುಂ’ ಕೂಡ ಇದೇ ಮನೆತನದ್ದು. ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವ ರೈತರ ಬಾಯಲ್ಲಿ ‘ಬಗರ್ ಹುಕುಂ’ ಅಂತ ಕೇಳಿರುತ್ತೀರಿ. ಬಗರ್ ಅಂದರೆ ಇಲ್ಲದೆ, ಹುಕುಂ ಅಂದರೆ ಅಪ್ಪಣೆ. ಸರ್ಕಾರಿ ಜಮೀನಿನಲ್ಲಿ ಅಪ್ಪಣೆ ಇಲ್ಲದೆ ಮಾಡಿದ ಸಾಗುವಳಿ ಅದು.