ಪದೇ ಪದೇ ಬಂದಾಗುವ ಕಚೇರಿ ಕಂಪ್ಯೂಟರಿಗೆ ಎಸ್‌ಎಂಪಿಎಸ್ ಬದಲಿಸಬೇಕೆ?

ಕಲಬುರಗಿಯ ನಿಮ್ಮ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕಂಪ್ಯೂಟರ್ ದಿನಕ್ಕೆ ಮೂರು ನಾಲ್ಕು ಸಲ ತಾನಾಗಿಯೇ ಬಂದಾಗುತ್ತದೆ, ವಿಂಡೋಸ್ ಹೊಸದಾಗಿ ಹಾಕಿಸಿದರೂ ಸರಿಹೋಗಲಿಲ್ಲ, ಈಗ ರಿಪೇರಿಯವರು ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಬದಲಿಸಲು ಹೇಳುತ್ತಿದ್ದಾರೆ, ಬದಲಿಸಬೇಕೆ ಎಂದು ಕೇಳಿದ್ದೀರಿ. ಈಗಲೇ ಬೇಡ ಎಂಬುದು ನನ್ನ ಉತ್ತರ. ಇದೇ ಊರಿನ ಒಂದು ದಾಲ್ ಮಿಲ್ಲಿನ ಕಚೇರಿಯಲ್ಲಿ ಲೆಕ್ಕದ ಕೆಲಸದ ಜೊತೆಗೆ ಅಲ್ಲಿನ ನಾಲ್ಕು ಕಂಪ್ಯೂಟರುಗಳ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿದೆ. ಕಳೆದ ಬೇಸಿಗೆಯಲ್ಲಿ ಇದೇ ಕಾಟ ಅನುಭವಿಸಿ, ಅವಸರಪಟ್ಟು ಎಸ್‌ಎಂಪಿಎಸ್ ಬದಲಿಸಿ, ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಕಂಪ್ಯೂಟರ್ ಆಜ್ಞೆ ಸಿಕ್ಕಿ ಬಂದಾಯಿತೋ ಅಥವಾ ವಿದ್ಯುತ್ ಕಡಿದು ಬಂದಾಯಿತೋ ಎಂಬುದು. ವಿಂಡೋಸಿನಲ್ಲಿ ನಡೆದದ್ದರ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಂ ಎಂಬ ವಿಭಾಗವನ್ನು ನೋಡಿ. ಬಂದಾದ ಹೊತ್ತಿಗೆ 1074 ಸಂಖ್ಯೆಯ ದಾಖಲೆ ಇದ್ದರೆ, ಅಪ್‌ಡೇಟ್ ಆಗಲಿ, ಬೇರೊಂದು ತಂತ್ರಾಂಶವಾಗಲಿ, ಯಾರೋ ಬಳಕೆದಾರರಾಗಲಿ ಬಂದ್ ಮಾಡಲು ಹೇಳಿದ್ದಾರೆ ಎಂದರ್ಥ, ಯಾರು ಹೇಳಿದರು ಎಂಬುದೂ ಅಲ್ಲಿಯೇ ಬರೆದಿರುತ್ತದೆ. ಅದಿಲ್ಲದೆ 6008 ಮತ್ತು ಕರ್ನಲ್ ಪವರ್ 41 ಮಾತ್ರ ಕಂಡರೆ, ಯಂತ್ರ ಮುನ್ಸೂಚನೆಯಿಲ್ಲದೆ ನಿಂತಿದೆ. 41ರ ವಿವರಗಳಲ್ಲಿ ಬಗ್‌ಚೆಕ್ ಕೋಡ್ ಎಂಬ ಸಾಲಿದೆ. ಅದು ಸೊನ್ನೆಯಲ್ಲದಿದ್ದರೆ ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬಂದು ಹೋಗಿದೆ, ಆಗ ರ‍್ಯಾಮ್ ಮತ್ತು ಡ್ರೈವರುಗಳನ್ನು ಪರೀಕ್ಷಿಸಬೇಕು. ಸೊನ್ನೆಯಿದ್ದರೆ ವಿದ್ಯುತ್ತಿನ ಮತ್ತು ಶಾಖದ ಮೇಲೆಯೇ ಹೆಚ್ಚು ಗುಮಾನಿ, ಅಂಥ ಸಂದರ್ಭದಲ್ಲಿ ವಿಂಡೋಸ್ ಮತ್ತೆ ಹಾಕಿಸುವುದು ವ್ಯರ್ಥ ಖರ್ಚು.

ಇದರ ಜೊತೆಗೆ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಸಲ ಬಂದಾದ ಗಂಟೆ ನಿಮಿಷವನ್ನೂ, ಆ ಕ್ಷಣದಲ್ಲಿ ಕೋಣೆಯಲ್ಲಿ ಬೇರೆ ಏನು ನಡೆಯುತ್ತಿತ್ತು ಎಂಬುದನ್ನೂ ಬರೆದಿಡಿ. ಮೊದಲಿಗೆ ನಾನು ಇದನ್ನು ಬೇಸರದಿಂದಲೇ ಮಾಡಿದೆ, ಆದರೆ ಕೊನೆಗೆ ಕಾರಣ ಸಿಕ್ಕಿದ್ದು ಆ ನೋಟ್‌ಬುಕ್ಕಿನಲ್ಲಿಯೇ.

ನಮ್ಮ ಬಿಸಿಲಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಶಾಖ. ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ತಗಡಿನ ಸೂರಿನ ಕೋಣೆಯಲ್ಲಿ ಪ್ರೊಸೆಸರಿನ ಫ್ಯಾನ್ ಬಿಸಿಗಾಳಿಯನ್ನೇ ಬೀಸುತ್ತಿರುತ್ತದೆ, ಅದರ ಮೇಲೆ ತೊಗರಿಯ ಹೊಟ್ಟಿನ ದೂಳು ಪ್ರೊಸೆಸರಿನ ಶಾಖ ಹೀರುವ ಲೋಹದ ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಕೂತುಬಿಡುತ್ತದೆ. ಸಾಮಾನ್ಯವಾಗಿ ಪ್ರೊಸೆಸರುಗಳು 100 ಡಿಗ್ರಿಯ ಸುತ್ತಮುತ್ತ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ, ಅದೂ ಸಾಲದಿದ್ದರೆ ತಮ್ಮ ರಕ್ಷಣೆಗಾಗಿ ಯಂತ್ರವನ್ನೇ ನಿಲ್ಲಿಸುತ್ತವೆ. ಆದ್ದರಿಂದ ಶಾಖವೇ ಕಾರಣವಾಗಿದ್ದರೆ ಬಂದಾಗುವ ಮೊದಲು ಕಂಪ್ಯೂಟರ್ ನಿಧಾನವಾಗಿರುತ್ತದೆ, ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಮತ್ತು ತಕ್ಷಣ ಚಾಲೂ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ನಿಲ್ಲುತ್ತದೆ. ದೂಳು ತೆಗೆಯುವಾಗ ವೈರನ್ನು ಗೋಡೆಯಿಂದ ಕಿತ್ತು, ಕ್ಯಾಬಿನೆಟ್ಟನ್ನು ಅಂಗಳಕ್ಕೆ ಒಯ್ದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್ ಹಿಡಿಯಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ವೈರು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ನಮ್ಮಲ್ಲಿ ದೂಳು ತೆಗೆಸಿ, ಥರ್ಮಲ್ ಪೇಸ್ಟ್ ಹಚ್ಚಿಸಿ, ಎಸ್‌ಎಂಪಿಎಸ್ ಬದಲಿಸಿದ ಮೇಲೂ ಕಂಪ್ಯೂಟರ್ ಬಂದಾಗುತ್ತಲೇ ಇತ್ತು. ಒಂದು ವಾರದ ನೋಟ್‌ಬುಕ್ ತೆರೆದು ನೋಡಿದಾಗ, ಒಂಬತ್ತರಲ್ಲಿ ಆರು ಸಲ ಲೇಸರ್ ಪ್ರಿಂಟರಿಗೆ ಬಿಲ್ಲು ಕಳಿಸಿದ ಕ್ಷಣದಲ್ಲಿ, ಉಳಿದ ಮೂರು ಸಲ ಮಿಲ್ಲಿನ ದೊಡ್ಡ ಮೋಟಾರು ಚಾಲೂ ಆದ ಕ್ಷಣದಲ್ಲಿ ನಿಂತಿತ್ತು. ಪ್ರಿಂಟರನ್ನು ಯಾರೋ ಯುಪಿಎಸ್ಸಿಗೆ ಸೇರಿಸಿಬಿಟ್ಟಿದ್ದರು. ಲೇಸರ್ ಪ್ರಿಂಟರ್ ಕಾಗದದ ಮೇಲೆ ಶಾಯಿಪುಡಿಯನ್ನು ಕರಗಿಸಿ ಅಂಟಿಸಲು ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ, 600 ವಿಎ ಎಂದು ಬರೆದ ಸಣ್ಣ ಯುಪಿಎಸ್ ಕೊಡಬಲ್ಲದ್ದು ಹೆಚ್ಚೆಂದರೆ 360 ವ್ಯಾಟ್. ಮೋಟಾರಿನ ಕಥೆ ಬೇರೆ. ಅದು ಎದ್ದಾಗ ವೋಲ್ಟೇಜ್ ಕುಸಿಯುತ್ತಿತ್ತು, ಯುಪಿಎಸ್ ಬ್ಯಾಟರಿಗೆ ಬದಲಾಗುತ್ತಿತ್ತು, ಆದರೆ ಬ್ಯಾಟರಿಯಲ್ಲಿ ಜೀವವೇ ಉಳಿದಿರಲಿಲ್ಲ. ಎಸ್‌ಎಂಪಿಎಸ್ ತನ್ನಲ್ಲಿ ಕೂಡಿಟ್ಟ ಶಕ್ತಿಯಿಂದ ಯಂತ್ರವನ್ನು ಹಿಡಿದು ನಿಲ್ಲಿಸಬಲ್ಲದ್ದು ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಶಾಖದ ಮೇಲಿನ ನನ್ನ ಗುಮಾನಿ ಪೂರ್ತಿ ತಪ್ಪೇನೂ ಆಗಿರಲಿಲ್ಲ, ಏಕೆಂದರೆ ಸೀಸ-ಆಮ್ಲದ ಬ್ಯಾಟರಿಯ ಆಯಸ್ಸು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಬಿಸಿಲು ನಮ್ಮ ಪ್ರೊಸೆಸರನ್ನು ಬಿಟ್ಟು ಯುಪಿಎಸ್ಸಿನ ಬ್ಯಾಟರಿಯನ್ನು ತಿಂದಿತ್ತು.

ಆದ್ದರಿಂದ ನೀವು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಎರಡು ದಿನ ಯುಪಿಎಸ್ ಬಿಟ್ಟು ಕಂಪ್ಯೂಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ, ಪ್ರಿಂಟರಿಗೆ ಬೇರೆ ಪ್ಲಗ್ ಕೊಡಿ, ಪ್ರತಿ ಗಂಟೆಗೊಮ್ಮೆ ಲೆಕ್ಕದ ಬ್ಯಾಕಪ್ ತೆಗೆದುಕೊಳ್ಳಿ. ಆ ಎರಡು ದಿನ ಕರೆಂಟು ಹೋದ ಹೊತ್ತನ್ನು ಬಿಟ್ಟು ಬೇರೆ ಯಾವಾಗಲೂ ಬಂದಾಗದಿದ್ದರೆ, ಕುತ್ತು ಯುಪಿಎಸ್ಸಿನಲ್ಲಿದೆ. ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತದ್ದನ್ನು ತಾರದೆ, ತಯಾರಾದ ತಿಂಗಳನ್ನು ನೋಡಿ ತನ್ನಿ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ತಿಳಿದು ಎಲೆಕ್ಟ್ರಿಷಿಯನ್ನರನ್ನು ಕರೆಸಿ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಗುಂಡಿ ಕೆಲಸಕ್ಕೆ ಬಾರದಂತಾಗುವುದರಿಂದ, ಆಗಾಗ ಅದಕ್ಕೆ ನೀರು ಹಾಕಿಸಬೇಕು. ಪವರ್ ಬಟನ್ ದೂಳಿನಿಂದ ಒಳಗೆ ಸಿಕ್ಕಿಕೊಂಡಿದೆಯೇ ಎಂಬುದನ್ನೂ ನೋಡಿಬಿಡಿ, ಅದು ನಾಲ್ಕೈದು ಸೆಕೆಂಡು ಒತ್ತಿಕೊಂಡೇ ಇದ್ದರೆ ಯಂತ್ರ ಬಂದಾಗುತ್ತದೆ.

ಗೋಡೆಯ ಪ್ಲಗ್ಗಿನಲ್ಲಿದ್ದಾಗಲೂ, ಪ್ರೊಸೆಸರಿನ ಶಾಖ 70 ಡಿಗ್ರಿಯೊಳಗೇ ಇದ್ದಾಗಲೂ, 41ರ ದಾಖಲೆ ಸೊನ್ನೆಯನ್ನೇ ತೋರಿಸುತ್ತ ಯಂತ್ರ ನಿಲ್ಲುತ್ತಿದ್ದರೆ, ಆಗ ರಿಪೇರಿಯವರ ಮಾತು ನಿಜವಿರಬಹುದು. ಆಗಲೂ ಹೊಸ ಎಸ್‌ಎಂಪಿಎಸ್ ಕೊಳ್ಳುವ ಮೊದಲು, ಚೆನ್ನಾಗಿ ನಡೆಯುತ್ತಿರುವ ಬೇರೊಂದು ಕಂಪ್ಯೂಟರಿನದನ್ನು ಒಂದು ದಿನಕ್ಕೆ ಜೋಡಿಸಿಕೊಡಲು ಅವರನ್ನು ಕೇಳಿ. ನಮ್ಮಲ್ಲಿ ಕೆಟ್ಟಿದೆಯೆಂದು ತೆಗೆಸಿದ ಎಸ್‌ಎಂಪಿಎಸ್ ಈಗ ಗೋದಾಮಿನ ಕಂಪ್ಯೂಟರಿನಲ್ಲಿ ಒಂದು ದಿನವೂ ತೊಂದರೆ ಕೊಡದೆ ನಡೆಯುತ್ತಿದೆ.