ಹೊಸ ರ‍್ಯಾಮ್ ಹಾಕಿದ ಮೇಲೆ ಹಳೆ ಕಂಪ್ಯೂಟರ್ ಯಾಕೆ ಮುನಿಸಿಕೊಳ್ಳುತ್ತದೆ?

ಪ್ರಶ್ನೆ: ನನ್ನದು ಇಂಟೆಲ್ ಜಿ41 ಚಿಪ್‌ಸೆಟ್ (ರ‍್ಯಾಮ್ ಮುಂತಾದ ಭಾಗಗಳನ್ನು ನೋಡಿಕೊಳ್ಳುವ ಬೋರ್ಡಿನ ಮುಖ್ಯ ಚಿಪ್) ಇರುವ ಹಳೆ ಡೆಸ್ಕ್‌ಟಾಪ್. 2 ಜಿಬಿ ಡಿಡಿಆರ್3 ರ‍್ಯಾಮ್ ಇತ್ತು. ಪಕ್ಕದ ಸ್ಲಾಟ್ ಖಾಲಿ ಇದೆಯಲ್ಲ ಎಂದು 4 ಜಿಬಿಯದ್ದೊಂದು ತಂದು ಹಾಕಿದೆ. ಈಗ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಬೀಪ್ ಬರುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಹೊಸದನ್ನು ತೆಗೆದರೆ ಮೊದಲಿನಂತೆ ಓಡುತ್ತದೆ. ಅದೇ ಹೊಸ ಸ್ಟಿಕ್ ಗೆಳೆಯನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ! ಹಳೆಯದರ ಸ್ಪೀಡ್ 1066, ಹೊಸದರದ್ದು 1600. ಸ್ಪೀಡ್ ಹೊಂದದೆ ಹೀಗಾಗಿದೆಯೇ? ಎರಡನ್ನೂ ಬಿಟ್ಟು ಒಂದೇ ಕಂಪನಿಯ ಜೋಡಿ ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ಎಲ್ಲರಿಗೂ ಮೊದಲು ಸ್ಪೀಡ್ ಮೇಲೇ ಅನುಮಾನ. ಲೇಬಲ್ ಮೇಲೆ ದಪ್ಪಗೆ ಕಾಣುವ ಸಂಖ್ಯೆ ಅದೇ ಅಲ್ವಾ! ಆದರೆ ಸ್ಪೀಡ್ ಬೇರೆ ಬೇರೆ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪ್ರತಿ ಸ್ಟಿಕ್ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ. ಆ ಸ್ಟಿಕ್ ಯಾವ ಯಾವ ವೇಗಕ್ಕೆ ಓಡಬಲ್ಲದು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಬಯೋಸ್ (ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಎರಡನ್ನೂ ಓದಿ, ಇಬ್ಬರಿಗೂ ಆಗುವ ವೇಗಕ್ಕೆ ಇಳಿಸುತ್ತದೆ. 1600ರ ಸ್ಟಿಕ್ ಸುಮ್ನೆ 1066ರಲ್ಲಿ ಓಡಿಕೊಂಡಿರುತ್ತದೆ, ಅಷ್ಟೇ. ಕಂಪನಿ ಬೇರೆಯಾದರೂ ಹಾಗೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗೆಳೆಯನ ಕಂಪ್ಯೂಟರಿನ ವಿಷಯ. ಸ್ಟಿಕ್ ಕೆಟ್ಟಿಲ್ಲ ಎಂದು ಅಲ್ಲೇ ಗೊತ್ತಾಯಿತು. ಒಂದು ಪರೀಕ್ಷೆ ಮಾತ್ರ ಬಾಕಿ ಇದೆ. ಹಳೆಯದನ್ನು ತೆಗೆದು, ಅದು ಕೂತಿದ್ದ ಸ್ಲಾಟಿಗೇ ಹೊಸದನ್ನು ಒಂಟಿಯಾಗಿ ಹಾಕಿ ನೋಡಿ. ಆಗಲೂ ಸ್ಕ್ರೀನ್ ಕಪ್ಪಾಗಿಯೇ ಇದ್ದರೆ ಜಗಳ ಎರಡು ಸ್ಟಿಕ್‌ಗಳ ನಡುವೆ ಅಲ್ಲ. ಸ್ಟಿಕ್‌ಗೂ ಬೋರ್ಡಿಗೂ.

ಹಾಗೆಯೇ ಆಗುತ್ತದೆ ಎಂದು ನನ್ನ ಊಹೆ. ಹೊಸ ಸ್ಟಿಕ್ ಕೈಯಲ್ಲಿ ಹಿಡಿದು ಕಪ್ಪು ಚಿಪ್‌ಗಳನ್ನು ಎಣಿಸಿ. ಒಂದು ಬದಿಯಲ್ಲಿ 8 ಇದ್ದು ಇನ್ನೊಂದು ಬದಿ ಬೋಳಾಗಿದೆಯೇ? ಕಾರಣ ಸಿಕ್ಕಿತು. 4 ಜಿಬಿಯನ್ನು 8 ಚಿಪ್‌ಗೆ ಹಂಚಿದರೆ ಒಂದೊಂದಕ್ಕೆ 512 ಎಂಬಿ, ಅಂದರೆ 4 ಗಿಗಾಬಿಟ್. ಅದನ್ನೇ ಎರಡೂ ಬದಿಯ 16 ಚಿಪ್‌ಗೆ ಹಂಚಿದರೆ ಒಂದೊಂದಕ್ಕೆ 256 ಎಂಬಿ, 2 ಗಿಗಾಬಿಟ್. ನಿಮ್ಮ ಜಿ41ಗೆ ಗೊತ್ತಿರುವುದು 2 ಗಿಗಾಬಿಟ್ ಚಿಪ್‌ವರೆಗೆ ಮಾತ್ರ. ಮೆಮೊರಿಯ ಸಾಲುಗಳನ್ನು ಹುಡುಕಲು ಅದರಲ್ಲಿ 15 ವಿಳಾಸದ ಗೆರೆಗಳಿವೆ, 4 ಗಿಗಾಬಿಟ್ ಚಿಪ್‌ಗೆ 16 ಬೇಕು. ಇಲ್ಲದ ಗೆರೆಯನ್ನು ಯಾವ ಬಯೋಸ್ ಅಪ್‌ಡೇಟೂ ತಂದುಕೊಡುವುದಿಲ್ಲ. ಇಂಥ ಹಳೆ ಬೋರ್ಡ್‌ಗಳಲ್ಲಿ ಕೆಲವು 4 ಜಿಬಿ ಸ್ಟಿಕ್ಕನ್ನು 2 ಜಿಬಿ ಎಂದು ತೋರಿಸಿ ಸುಮ್ಮನಾಗುತ್ತವೆ. ನಿಮ್ಮದರಂತೆ ಏಳದೇ ಹಟ ಹಿಡಿಯುವುದೂ ಉಂಟು.

ಚಿಪ್ ಮೇಲೆ ತಗಡು ಮುಚ್ಚಿದ್ದರೆ ಲೇಬಲ್ ನೋಡಿ. ಅಲ್ಲಿ '2ಆರ್‌ಎಕ್ಸ್8' ಎಂದಿದ್ದರೆ 16 ಚಿಪ್, '1ಆರ್‌ಎಕ್ಸ್8' ಎಂದಿದ್ದರೆ 8. ಅದೇ ಲೇಬಲ್‌ನಲ್ಲಿ 'ಪಿಸಿ3-12800' ಎಂಬಂಥ ಸಂಖ್ಯೆಯೂ ಇರುತ್ತದೆ. ಅದು 1600ರ ಇನ್ನೊಂದು ಹೆಸರು. ಸಂಖ್ಯೆಯ ಪಕ್ಕ 'ಆರ್' ಅಕ್ಷರ ಕಂಡರೆ ಆ ಸ್ಟಿಕ್ ಸರ್ವರ್‌ನದ್ದು. ಡಿಡಿಆರ್3 ಸ್ಲಾಟಿಗೆ ಸಲೀಸಾಗಿ ಕೂರುತ್ತದೆ, ಆದರೆ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಓಡುವುದಿಲ್ಲ. 'ಎಎಂಡಿಗೆ ಮಾತ್ರ' ಎಂದು ಅಗ್ಗಕ್ಕೆ ಮಾರುವ ಸ್ಟಿಕ್‌ಗಳೂ ಇವೆ, ಇಂಟೆಲ್ ಬೋರ್ಡ್ ಇರುವವರು ಅದರ ಗೊಡವೆಗೇ ಹೋಗಬೇಡಿ. ಅಗ್ಗ ಯಾಕೆ ಎಂದು ಕೇಳದೆ ಕೊಂಡು ಪೇಚಿಗೆ ಸಿಕ್ಕವರಲ್ಲಿ ನಾನೂ ಒಬ್ಬ.

ಹೊಸದನ್ನು ವಾಪಸ್ ಕೊಟ್ಟು 16 ಚಿಪ್‌ನ 4 ಜಿಬಿ ಕೇಳಿ. ಹಳೆ 2 ಜಿಬಿ ಜೊತೆ ಸೇರಿ 6 ಆಗುತ್ತದೆ. ಅಂಥವೇ ಎರಡು ಸಿಕ್ಕರೆ 8, ಈ ಚಿಪ್‌ಸೆಟ್‌ಗೆ ಅದೇ ಕೊನೆ.

ಪ್ರಶ್ನೆ: ನನ್ನದು ಎಚ್61 ಬೋರ್ಡ್, ಎರಡು ಸ್ಲಾಟ್. 1333ರ 2 ಜಿಬಿ ಜೊತೆಗೆ 1600ರ 4 ಜಿಬಿ ಹಾಕಿದ್ದೇನೆ. ಹೊಸದು ಗೇಮಿಂಗ್‌ನದ್ದು, ಮೇಲೆ 1.65 ವೋಲ್ಟ್ ಎಂದಿದೆ. ಕಂಪ್ಯೂಟರ್ ಏಳುತ್ತದೆ, 6 ಜಿಬಿ ಎಂದೂ ತೋರಿಸುತ್ತದೆ. ಆದರೆ ಬ್ರೌಸರ್ ಆಗಾಗ ತಾನಾಗಿ ಮುಚ್ಚಿಕೊಳ್ಳುತ್ತದೆ, ದೊಡ್ಡ ಜಿಪ್ ಫೈಲ್ ಬಿಚ್ಚಿದರೆ 'ಕೆಟ್ಟಿದೆ' ಎನ್ನುತ್ತದೆ, ವಾರಕ್ಕೊಮ್ಮೆ ನೀಲಿ ಸ್ಕ್ರೀನ್. ವಿಂಡೋಸ್ ಹೊಸದಾಗಿ ಹಾಕಿದರೂ ಅದೇ ಕಥೆ.

ಉತ್ತರ: ಏಳದ ಕಂಪ್ಯೂಟರಿಗಿಂತ ಇದು ಜಾಸ್ತಿ ಅಪಾಯ. ನೀವು ಸೇವ್ ಮಾಡುವ ಫೈಲ್‌ಗಳು ಗೊತ್ತಾಗದ ಹಾಗೆ ಕೆಡುತ್ತಿರಬಹುದು. ಮೊದಲು ಮುಖ್ಯ ಫೈಲ್‌ಗಳ ಬ್ಯಾಕಪ್ ತೆಗೆದುಕೊಳ್ಳಿ. ಅದನ್ನು ಒಂದೇ ಸ್ಟಿಕ್ ಇಟ್ಟುಕೊಂಡು ಮಾಡಿ. ಹಳೆ ಬ್ಯಾಕಪ್ ಇದ್ದರೆ ಅದರ ಮೇಲೆ ಬರೆಯಬೇಡಿ.

ಆಮೇಲೆ ಮೆಮ್‌ಟೆಸ್ಟ್86+ ಎಂಬ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ. ಒಂದು ಸ್ಟಿಕ್, ಒಂದು ಸ್ಲಾಟ್, ರಾತ್ರಿಯಿಡೀ ಓಡಲಿ. ಮರುದಿನ ಅದೇ ಸ್ಲಾಟ್‌ನಲ್ಲಿ ಇನ್ನೊಂದು ಸ್ಟಿಕ್. ಮೂರನೇ ರಾತ್ರಿ ಎರಡೂ ಸೇರಿ. ಬೇಜಾರಿನ ಕೆಲಸ, ನಿಜ. ಆದರೆ ಇಷ್ಟು ಮಾಡದೆ ಮೂರು ಸಲ ವಿಂಡೋಸ್ ಹಾಕಿದವರನ್ನು ನೋಡಿದ್ದೇನೆ. ರಾತ್ರಿಯಲ್ಲಿ ಒಂದೇ ಒಂದು ಎರರ್ ಬಂದರೂ 'ಒಂದೇ ತಾನೆ' ಎನ್ನಬೇಡಿ. ಅಲ್ಲಿ ಸೊನ್ನೆಯೇ ಇರಬೇಕು.

ಒಂಟಿಯಾಗಿದ್ದಾಗಲೇ ಎರರ್ ತೋರಿಸಿದ ಸ್ಟಿಕ್ ಕೆಟ್ಟಿರಬಹುದು. ಇನ್ನೊಂದು ಕಂಪ್ಯೂಟರಿನಲ್ಲೂ ಹಾಗೇ ಆದರೆ ಅನುಮಾನವೇ ಬೇಡ. ಒಂಟಿಯಾಗಿ ಎರಡೂ ಪಾಸಾಗಿ, ಸೇರಿದಾಗ ಮಾತ್ರ ಎರರ್ ಬಂದರೆ ಅದು ನಿಜವಾದ ಹೊಂದಾಣಿಕೆಯ ತೊಂದರೆ. ನಿಮ್ಮದು ಈ ಎರಡನೆಯದಿರಬಹುದು. ಡಿಡಿಆರ್3ಯ ಮಾಮೂಲಿ ವೋಲ್ಟೇಜ್ 1.5. ಗೇಮಿಂಗ್ ಸ್ಟಿಕ್ ಮೇಲೆ ಅಚ್ಚಾದ 1.65 ವೋಲ್ಟ್ ಅದರ ಜಂಭದ ವೇಗಕ್ಕೆ ಬೇಕಾದದ್ದು. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ಕನ್ನು ಆ ಜಂಭದ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ, ವೇಗವನ್ನು ಕೈಯಾರೆ 1333ಕ್ಕೆ ಇಡಿ. ಆಗಲೂ ಎರರ್ ಬಂದರೆ 1066. ಬರೀ ವೆಬ್, ಟೈಪಿಂಗ್ ಎಂದರೆ ಈ ವ್ಯತ್ಯಾಸ ನಿಮ್ಮ ಗಮನಕ್ಕೂ ಬರುವುದಿಲ್ಲ. ಬದಲಾಯಿಸಿದ ಮೇಲೆ ಕಂಪ್ಯೂಟರ್ ಏಳದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡಿ, ಬೋರ್ಡಿನ ಮೂಲ ಸೆಟ್ಟಿಂಗ್ ವಾಪಸ್ ಬರುತ್ತದೆ.

ಇನ್ನೊಂದು ಸಾಧ್ಯತೆ ಇದೆ, ಅದು ನನ್ನ ಎರಡು ದಿನ ತಿಂದದ್ದು. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ಎರರ್, ಇನ್ನೊಂದರಲ್ಲಿ ಸರಿ. ಸ್ಲಾಟಿನ ಧೂಳು ಊದಿ ತೆಗೆದೆ, ಬ್ರಷ್ ಹಾಕಿದೆ, ಸ್ಟಿಕ್‌ನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರ್‌ನಿಂದ ಉಜ್ಜಿದೆ (ಇದನ್ನು ನೀವೂ ಮೊದಲು ಮಾಡಿ, ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ). ಏನೂ ಆಗಲಿಲ್ಲ. ಕೊನೆಗೆ ಪ್ರೊಸೆಸರ್ ಎತ್ತಿ, ಟಾರ್ಚ್ ಹಿಡಿದು ಸಾಕೆಟ್ ಒಳಗೆ ಓರೆಯಾಗಿ ನೋಡಿದೆ. ಸಾಲಾಗಿ ಮಿನುಗುವ ಪಿನ್‌ಗಳ ನಡುವೆ ಒಂದು ಮಾತ್ರ ಮಿನುಗಲಿಲ್ಲ, ಪಕ್ಕಕ್ಕೆ ವಾಲಿತ್ತು. ಎಚ್61ರ ಕಾಲದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ರ‍್ಯಾಮ್ ನೋಡಿಕೊಳ್ಳುವ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇದೆ. ಹಾಗಾಗಿ ಸಾಕೆಟ್‌ನ ಒಂದು ಪಿನ್ ಬಾಗಿದರೆ ಒಂದು ಸ್ಲಾಟೇ ಸತ್ತಂತೆ. ಸಣ್ಣ ಸೂಜಿಯಿಂದ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ನಿಮಗೆ ಕೈ ನಡುಗುತ್ತದೆ ಎಂದಾದರೆ ಇದನ್ನು ಬಲ್ಲವರಿಗೇ ಬಿಡಿ. ಕೆಲವೊಮ್ಮೆ ಕೂಲರ್‌ನ ಸ್ಕ್ರೂಗಳನ್ನು ಒಂದೇ ಕಡೆ ಜಾಸ್ತಿ ಬಿಗಿದರೂ ಹೀಗೆ ಸ್ಲಾಟ್ ಕೈಕೊಡುತ್ತದೆ. ಅದನ್ನು ಸ್ವಲ್ಪ ಸಡಿಲಿಸಿ ನೋಡಿ.

ಅಂದಹಾಗೆ, 4 ಮತ್ತು 2 ಜಿಬಿ ಸೇರಿಸಿದರೆ ಡ್ಯುಯಲ್ ಚಾನೆಲ್ (ಎರಡು ಸ್ಟಿಕ್‌ಗಳನ್ನು ಒಟ್ಟಿಗೆ ಬಳಸಿ ವೇಗ ಹೆಚ್ಚಿಸುವ ವ್ಯವಸ್ಥೆ) ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಎರಡೂ ಕಡೆಯ 2 ಜಿಬಿ ಜೋಡಿಯಾಗಿ ಓಡುತ್ತದೆ, ಮಿಕ್ಕ 2 ಜಿಬಿ ಮಾತ್ರ ಒಂಟಿ.

ಪ್ರಶ್ನೆ: ನಾನೂ ಬೇರೆ ಬೇರೆ ಕಂಪನಿಯ 4 ಮತ್ತು 2 ಜಿಬಿ ಹಾಕಿದ್ದೇನೆ. ಬಯೋಸ್‌ನಲ್ಲಿ 6 ಜಿಬಿ ಕಾಣುತ್ತದೆ, ವಿಂಡೋಸ್ 7 ಮಾತ್ರ 3.2 ಜಿಬಿ ಬಳಸಬಹುದು ಎನ್ನುತ್ತದೆ. ಯಾವ ಸ್ಟಿಕ್ ಹಾಳಾಗಿದೆ?

ಉತ್ತರ: ಯಾವುದೂ ಹಾಳಾಗಿಲ್ಲ. ನಿಮ್ಮದು ಬಹುಶಃ 32 ಬಿಟ್ ವಿಂಡೋಸ್. ಅದಕ್ಕೆ 4 ಜಿಬಿಯೇ ಮಿತಿ, ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮತ್ತಿತರ ಹಾರ್ಡ್‌ವೇರ್‌ಗೆ ಹೋಗುತ್ತದೆ. ಕಂಪ್ಯೂಟರ್ ಪ್ರಾಪರ್ಟೀಸ್‌ನಲ್ಲಿ 'ಸಿಸ್ಟಮ್ ಟೈಪ್' ಎಂಬ ಸಾಲು ನೋಡಿದರೆ ಗೊತ್ತಾಗುತ್ತದೆ. 64 ಬಿಟ್ ಹಾಕಬೇಕು, ಮತ್ತು ಅದನ್ನು ಈಗಿನದರ ಮೇಲೇ ಅಪ್‌ಗ್ರೇಡ್ ಮಾಡಲಾಗದು, ಹೊಸದಾಗಿಯೇ ಹಾಕಬೇಕು. ಅಲ್ಲಿ ಈಗಾಗಲೇ 64 ಬಿಟ್ ಎಂದಿದ್ದರೆ 'ಎಂಎಸ್‌ಕಾನ್ಫಿಗ್' ತೆರೆಯಿರಿ. ಬೂಟ್ ಟ್ಯಾಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಮೆಮೊರಿ'ಗೆ ಯಾರೋ ಟಿಕ್ ಹಾಕಿರಬಹುದು. ಅದನ್ನು ತೆಗೆದು ರೀಸ್ಟಾರ್ಟ್ ಮಾಡಿ.