ಡೆಟ್ರಾಯಿಟ್‌ ಹೊಟ್ಟೆಯೊಳಗಿನ ಪುಟ್ಟ ನಗರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಹ್ಯಾಮ್‌ಟ್ರಾಮಿಕ್ ನಗರದ ಬಗ್ಗೆ ಒಂದರ ಹಿಂದೆ ಒಂದು ಪ್ರಶ್ನೆ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಒಂದೇ ಊರಿಗೆ.

ಪ್ರಶ್ನೆ: ಅಮೆರಿಕದಲ್ಲಿ ಮುಸ್ಲಿಮರೇ ಜಾಸ್ತಿ ಇರುವ ನಗರವೊಂದಿದೆಯಂತೆ, ನಿಜವಾ? ಎಲ್ಲಿದೆ?

ನಿಜ. ಮಿಷಿಗನ್ ರಾಜ್ಯದಲ್ಲಿದೆ. ಸುತ್ತಲೂ ಡೆಟ್ರಾಯಿಟ್ ಮಹಾನಗರ, ಒಂದು ಕಡೆ ಸ್ವಲ್ಪ ಮಾತ್ರ ಹೈಲ್ಯಾಂಡ್ ಪಾರ್ಕ್ ಎಂಬ ಇನ್ನೊಂದು ಊರು ತಾಗುತ್ತದೆ. ವಿಸ್ತೀರ್ಣ ಐದೂವರೆ ಚದರ ಕಿಲೋಮೀಟರ್ ಕೂಡ ಇಲ್ಲ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 28,433. ಒಂದು ವಿಷಯ ಗಮನಿಸಿ. ಅಮೆರಿಕದ ಜನಗಣತಿಯಲ್ಲಿ ಧರ್ಮ ಯಾವುದು ಅಂತ ಕೇಳುವುದೇ ಇಲ್ಲ. ಮುಸ್ಲಿಮರು ಅರ್ಧಕ್ಕಿಂತ ಜಾಸ್ತಿ ಎನ್ನುವುದು ಅಂದಾಜು, ಆದರೆ ಊರಿನವರೂ ಪತ್ರಿಕೆಗಳೂ ಒಪ್ಪಿಕೊಂಡ ಅಂದಾಜು. ಯಾರಾದರೂ ನಿಮಗೆ ಪಕ್ಕಾ ಶೇಕಡಾವಾರು ಲೆಕ್ಕ ಕೊಟ್ಟರೆ ಅದು ಎಲ್ಲಿಂದ ಬಂತು ಅಂತ ಕೇಳಿ.

ಈಗ ಅಲ್ಲಿರುವ ಮುಸ್ಲಿಮರು ಒಂದೇ ಕಡೆಯಿಂದ ಬಂದವರಲ್ಲ. ಯೆಮೆನ್‌ನವರಿದ್ದಾರೆ, ಬಾಂಗ್ಲಾದೇಶದವರಿದ್ದಾರೆ, 1990ರ ದಶಕದ ಯುದ್ಧದ ಕಾಲದಲ್ಲಿ ಬಂದ ಬೋಸ್ನಿಯಾದವರೂ ಇದ್ದಾರೆ. ಭಾಷೆ ಬೇರೆ, ಊಟ ಬೇರೆ, ಮಸೀದಿಗಳೂ ಬೇರೆ ಬೇರೆ. ಚುನಾವಣೆಯಲ್ಲಿ ಒಬ್ಬರ ಎದುರು ಒಬ್ಬರು ನಿಲ್ಲುವುದೂ ಉಂಟು.

ಪ್ರಶ್ನೆ: ಮೊದಲು ಇದು ಪೋಲೆಂಡಿನವರ ಊರಾಗಿತ್ತು ಅಂತ ಓದಿದ್ದೆ. ಹೇಗೆ ಬದಲಾಯಿತು?

ಪೋಲೆಂಡಿನವರಿಗೂ ಮೊದಲು ಅಲ್ಲಿ ಜರ್ಮನ್ ರೈತರಿದ್ದರು. 1796ರಲ್ಲಿ ಬ್ರಿಟಿಷರು ಡೆಟ್ರಾಯಿಟ್ ಕೋಟೆ ಬಿಟ್ಟುಕೊಟ್ಟಾಗ ಅಮೆರಿಕದ ಪರವಾಗಿ ಅಧಿಕಾರ ವಹಿಸಿಕೊಂಡ ಸೇನಾಧಿಕಾರಿಯ ಹೆಸರು ಊರಿಗೆ ಬಂತು. ಅವರು ಹುಟ್ಟಿದ್ದು ಕೆನಡಾದ ಕ್ವಿಬೆಕ್‌ನಲ್ಲಿ.

1901ರಲ್ಲಿ ಅದಕ್ಕೆ ಹಳ್ಳಿಯ ಸ್ಥಾನಮಾನ ಸಿಕ್ಕಿತು. ಆಮೇಲೆ ಡಾಡ್ಜ್ ಸಹೋದರರು 1910ರ ಸುಮಾರಿಗೆ ಅಲ್ಲಿ ಕಾರು ಕಾರ್ಖಾನೆ ಹಾಕಿದರು. ಅಲ್ಲಿಂದ ಊರು ಬೆಳೆದ ರೀತಿ ನೋಡಿ: 1910ರಲ್ಲಿ 3,559 ಜನ, 1920ರಲ್ಲಿ 48,615. ಹತ್ತೇ ವರ್ಷ! ಬಂದವರಲ್ಲಿ ಬಹುಪಾಲು ಪೋಲೆಂಡಿನ ಬಡ ಕ್ಯಾಥೊಲಿಕರು. ಡೆಟ್ರಾಯಿಟ್ ಆಗ ಸುತ್ತಮುತ್ತಲ ಜಾಗವನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು. ಅದಕ್ಕೆ ಸಿಗಬಾರದು ಅಂತಲೇ ಇವರು 1922ರಲ್ಲಿ ಪ್ರತ್ಯೇಕ ನಗರ ಮಾಡಿಕೊಂಡರು. 1930ರ ಹೊತ್ತಿಗೆ ಜನಸಂಖ್ಯೆ 56,000 ದಾಟಿತ್ತು.

1980ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಜಾಗದಲ್ಲಿ ಜನರಲ್ ಮೋಟರ್ಸ್ ಹೊಸದು ಕಟ್ಟಿತು, ಆದರೆ ಅದಕ್ಕಾಗಿ ಪಕ್ಕದ ಡೆಟ್ರಾಯಿಟ್‌ನ ಪೋಲ್‌ಟೌನ್ ಬಡಾವಣೆಯಲ್ಲಿ ಸುಮಾರು 4,200 ಜನರನ್ನು ಎಬ್ಬಿಸಿ, ಮನೆ, ಅಂಗಡಿ, ಚರ್ಚುಗಳನ್ನೆಲ್ಲ ಕೆಡವಿದರು. ಈ ಕಡೆ ಪೋಲೆಂಡ್ ಮೂಲದವರ ಮಕ್ಕಳು ಓದಿ, ದುಡಿದು, ದೊಡ್ಡ ಮನೆ ಹುಡುಕಿಕೊಂಡು ದೂರದ ಬಡಾವಣೆಗಳಿಗೆ ಹೋದರು. 1990ರಲ್ಲಿ ಊರಿನಲ್ಲಿ ಉಳಿದವರು 18,372 ಮಂದಿ. ಖಾಲಿ ಮನೆ, ಕಡಿಮೆ ಬಾಡಿಗೆ. ಅಲ್ಲಿಗೆ ಯೆಮೆನ್, ಬಾಂಗ್ಲಾದ ಕುಟುಂಬಗಳು ಬಂದು ನೆಲೆಸಿದವು. ಯಾರೂ ಯಾರನ್ನೂ ಓಡಿಸಲಿಲ್ಲ. ಈಗ ಕಾನಂಟ್ ರಸ್ತೆಯ ಒಂದು ಭಾಗಕ್ಕೆ ಬಾಂಗ್ಲಾದೇಶ್ ಅವೆನ್ಯೂ ಅಂತ ಗೌರವದ ಹೆಸರಿದೆ.

ಓಡಿಸಿದ ಕತೆ ಬೇರೆ ಇದೆ, ಅದನ್ನು ಹೇಳಲೇಬೇಕು. 1950, 60ರ ದಶಕಗಳಲ್ಲಿ ನಗರ ಅಭಿವೃದ್ಧಿಯ ಹೆಸರಲ್ಲಿ ಇದೇ ನಗರಾಡಳಿತ ಕಪ್ಪು ಜನರ ಮನೆಗಳನ್ನು ತೆರವು ಮಾಡಿಸಿತು. ಅವರು 1968ರಲ್ಲಿ ಕೋರ್ಟಿಗೆ ಹೋದರು. ನ್ಯಾಯಾಧೀಶ ಡೇಮನ್ ಕೀತ್ 1971ರಲ್ಲಿ ಅವರ ಪರ ತೀರ್ಪು ಕೊಟ್ಟರು. ಆದರೂ ಕೊಡಬೇಕಾದ ಮನೆಗಳು ಕಟ್ಟಿ ಮುಗಿಯಲು ದಶಕಗಳೇ ಹಿಡಿದವು. ಅಷ್ಟರಲ್ಲಿ ದಾವೆ ಹೂಡಿದ್ದ ಕೆಲವರು ತೀರಿಕೊಂಡಿದ್ದರು. ಈ ಊರಿನ ಬಗ್ಗೆ ಮಾತಾಡುವವರು ಮಸೀದಿಯ ಸುದ್ದಿ ಹೇಳಿದಷ್ಟು ಇದನ್ನು ಹೇಳುವುದಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಪ್ರಶ್ನೆ: ವಲಸೆ ಬಂದವರಿಗೆ ಅಷ್ಟು ಬೇಗ ಅಧಿಕಾರ ಹೇಗೆ ಸಿಕ್ಕಿತು? ವೋಟ್ ಬ್ಯಾಂಕ್ ರಾಜಕೀಯ ಅಲ್ವಾ?

ಬೇಗ ಸಿಗಲಿಲ್ಲ, ಸುಮ್ನೆ ಸಿಗಲೂ ಇಲ್ಲ. 1999ರ ನವೆಂಬರ್ ಚುನಾವಣೆಯ ದಿನ ಏನಾಯಿತು ಕೇಳಿ. ಒಂದು ಗುಂಪಿನವರು ಮತಗಟ್ಟೆಗಳಲ್ಲಿ ಕೂತು, ಮೈಬಣ್ಣ ಕಪ್ಪಗಿದ್ದವರನ್ನು, ಹೆಸರು ಅರಬ್ಬರದಂತೆ ಕೇಳಿಸಿದವರನ್ನು ಆರಿಸಿ ಆರಿಸಿ, ಇವರು ದೇಶದ ಪ್ರಜೆಗಳೇ ಅಲ್ಲ ಅಂತ ಆಕ್ಷೇಪ ಎತ್ತಿದರು. ಚುನಾವಣಾ ಸಿಬ್ಬಂದಿ ಅದನ್ನು ತಡೆಯುವ ಬದಲು, ಆ ಮತದಾರರಿಂದ ಪೌರತ್ವದ ಪ್ರಮಾಣ ಮಾಡಿಸಿದರು. ಕೆಲವರು ಅಮೆರಿಕದ ಪಾಸ್‌ಪೋರ್ಟ್ ತೆಗೆದು ತೋರಿಸಿದರೂ ಬಿಡಲಿಲ್ಲ. ಪಕ್ಕದಲ್ಲಿ ನಿಂತ ಬಿಳಿಯರಿಗೆ ಈ ಯಾವ ಪ್ರಶ್ನೆಯೂ ಇಲ್ಲ. ಸರದಿಯಲ್ಲಿ ನಿಂತು, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು, ಎಲ್ಲರೆದುರು ‘ನಾನು ಈ ದೇಶದವನು’ ಅಂತ ಆಣೆ ಮಾಡಬೇಕಾದವರ ಮನಸ್ಸಿಗೆ ಹೇಗಾಗಿರಬೇಕು!

ಕೇಂದ್ರದ ನ್ಯಾಯ ಇಲಾಖೆ ನಗರದ ಮೇಲೆ ಕೇಸು ಹಾಕಿತು. 2000ದಲ್ಲಿ ಕೋರ್ಟ್ ಮೂಲಕ ಒಪ್ಪಂದವಾಯಿತು. ಸಿಬ್ಬಂದಿಗೆ ತರಬೇತಿ ಕೊಡಬೇಕು, ಅರಬ್ ಮತ್ತು ಬಂಗಾಳಿ ಮೂಲದವರನ್ನು ಮತಗಟ್ಟೆ ಅಧಿಕಾರಿಗಳಾಗಿ ನೇಮಿಸಬೇಕು ಅಂತ ಅದರಲ್ಲಿತ್ತು. 2011ರಲ್ಲಿ, ಭಾಷಾ ಅಲ್ಪಸಂಖ್ಯಾತರ ಮತದಾನದ ಹಕ್ಕಿನ ಕಾನೂನಿನಡಿ, ಮತಪತ್ರ ಬಂಗಾಳಿಯಲ್ಲೂ ಇರಬೇಕು ಎಂದಾಯಿತು. 2015ರಲ್ಲಿ ಕೌನ್ಸಿಲ್‌ನಲ್ಲಿ ಮುಸ್ಲಿಂ ಸದಸ್ಯರಿಗೆ ಬಹುಮತ ಬಂತು, ಅಮೆರಿಕದಲ್ಲಿ ಅದೇ ಮೊದಲು ಅಂತ ಪತ್ರಿಕೆಗಳು ಬರೆದವು. 2021ರ ಚುನಾವಣೆಯಾದ ಮೇಲೆ ಮೇಯರ್ ಮತ್ತು ಕೌನ್ಸಿಲ್‌ನ ಆರೂ ಸದಸ್ಯರು ಮುಸ್ಲಿಮರೇ ಆದರು. ಆ ಆರು ಜನರಲ್ಲಿ ಅಮಾಂಡಾ ಯಾಚ್‌ಕೋವ್‌ಸ್ಕಿ ಎಂಬವರು ಪೋಲಿಷ್ ಮೂಲದವರು, ಇಸ್ಲಾಂಗೆ ಮತಾಂತರವಾದವರು.

ಇದನ್ನು ವೋಟ್ ಬ್ಯಾಂಕ್ ಅನ್ನುವುದಾದರೆ, ಹಿಂದೆ ದಶಕಗಳ ಕಾಲ ಪೋಲಿಷ್ ಹೆಸರಿನ ಮೇಯರ್‌ಗಳೇ ಗೆದ್ದಿದ್ದನ್ನು ಏನನ್ನಬೇಕು?

ಪ್ರಶ್ನೆ: ಮೈಕ್‌ನಲ್ಲಿ ಅಜಾನ್ ಕೂಗುವ ವಿಚಾರಕ್ಕೆ ಅಲ್ಲೂ ಗಲಾಟೆ ಆಗಿತ್ತಂತೆ?

ಆಗಿತ್ತು, 2004ರಲ್ಲಿ. ಬಾಂಗ್ಲಾ ಮೂಲದವರ ಅಲ್ ಇಸ್ಲಾಹ್ ಮಸೀದಿಯವರು ಅನುಮತಿ ಕೇಳಿದರು. ಕೌನ್ಸಿಲ್ ಶಬ್ದಮಾಲಿನ್ಯದ ನಿಯಮ ತಿದ್ದಿತು. ಆ ತಿದ್ದುಪಡಿ ನನಗೆ ತುಂಬಾ ಇಷ್ಟ. ಅಜಾನ್ ಮತ್ತು ಚರ್ಚ್ ಗಂಟೆ ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟು, ಬೆಳಿಗ್ಗೆ 6ರಿಂದ ರಾತ್ರಿ 10ರ ಒಳಗೆ, ಒಂದು ಸಲಕ್ಕೆ ಐದು ನಿಮಿಷ ಮೀರದಂತೆ ಅಂತ ಬರೆದರು. ಅಂದರೆ ಬೇಸಿಗೆಯಲ್ಲಿ ಬೇಗ ಬೆಳಕಾಗುವಾಗ ಮುಂಜಾನೆಯ ಅಜಾನ್ ಮೈಕ್‌ನಲ್ಲಿ ಇಲ್ಲ. ವಿರೋಧಿಸಿದವರು ಸಹಿ ಸಂಗ್ರಹಿಸಿ ಜನಮತಕ್ಕೆ ಹಾಕಿಸಿದರು. ಜುಲೈನಲ್ಲಿ ಜನ ವೋಟು ಹಾಕಿ ತಿದ್ದುಪಡಿಯನ್ನೇ ಉಳಿಸಿಕೊಂಡರು. ಆಗಿನ್ನೂ ಮುಸ್ಲಿಮರಿಗೆ ಕೌನ್ಸಿಲ್‌ನಲ್ಲಿ ಬಹುಮತ ಇರಲಿಲ್ಲ ನೆನಪಿರಲಿ.

ಪ್ರಶ್ನೆ: ಈಗ ಅಲ್ಲಿ ಶರಿಯಾ ಕಾನೂನು ನಡೆಯುತ್ತದಾ?

ಇಲ್ಲ. ಸಾಧ್ಯವೂ ಇಲ್ಲ. ನಗರಕ್ಕೆ ತನ್ನದೇ ಚಾರ್ಟರ್, ಅಂದರೆ ಆಡಳಿತದ ನಿಯಮಾವಳಿ ಇದೆ, ಅದರ ಮೇಲೆ ಮಿಷಿಗನ್ ರಾಜ್ಯದ ಕಾನೂನು, ಅದರ ಮೇಲೆ ಅಮೆರಿಕದ ಸಂವಿಧಾನ. ನಮ್ಮಲ್ಲಿ ವಾರ್ಡಿಗೊಬ್ಬ ಸದಸ್ಯರಿದ್ದಂತೆ ಅಲ್ಲಿಲ್ಲ, ಆರೂ ಜನರನ್ನು ಇಡೀ ಊರು ಸೇರಿ ಆರಿಸುತ್ತದೆ. ಅವಧಿ ನಾಲ್ಕು ವರ್ಷ, ಎರಡು ವರ್ಷಕ್ಕೊಮ್ಮೆ ಮೂವರ ಸ್ಥಾನಕ್ಕೆ ಚುನಾವಣೆ. ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ದಿನನಿತ್ಯದ ಕೆಲಸ ನೋಡುವುದು ಸಿಟಿ ಮ್ಯಾನೇಜರ್. ನಮ್ಮ ಪುರಸಭೆಯ ಮುಖ್ಯಾಧಿಕಾರಿಯ ಹಾಗೆ, ಆದರೆ ಸರ್ಕಾರ ಕಳಿಸಿದವರಲ್ಲ, ಕೌನ್ಸಿಲೇ ನೇಮಿಸಿಕೊಂಡವರು.

ಪ್ರಶ್ನೆ: 2023ರಲ್ಲಿ ಸಲಿಂಗಿಗಳ ಬಾವುಟ ನಿಷೇಧಿಸಿದರಲ್ಲ, ಅದು ಸರಿಯಾ?

ಆ ವರ್ಷ ಜೂನ್‌ನಲ್ಲಿ, ನಗರದ ಕಂಬಗಳ ಮೇಲೆ ಯಾವುದೇ ಧರ್ಮ, ಜನಾಂಗ, ರಾಜಕೀಯ ಅಥವಾ ಲೈಂಗಿಕ ಗುಂಪಿನ ಬಾವುಟ ಹಾರಿಸಬಾರದು ಅಂತ ಕೌನ್ಸಿಲ್ ಒಮ್ಮತದಿಂದ ಠರಾವು ಮಾಡಿತು. ಮನೆ ಮೇಲೆ ಯಾರು ಏನು ಬೇಕಾದರೂ ಹಾರಿಸಬಹುದು. ಕಾಗದದ ಮೇಲೆ ಎಲ್ಲರಿಗೂ ಒಂದೇ ನಿಯಮ. ಆದರೆ ಗುರಿ ಯಾವ ಬಾವುಟ ಅಂತ ಊರಿಗೆಲ್ಲ ಗೊತ್ತಿತ್ತು. ಅದಕ್ಕೂ ಹಿಂದೆ 15 ವರ್ಷಕ್ಕೂ ಹೆಚ್ಚು ಕಾಲ ಮೇಯರ್ ಆಗಿದ್ದ ಕರೆನ್ ಮಯೆವ್‌ಸ್ಕಿ ಅವರ ಕಾಲದಲ್ಲಿ ಅದು ಹಾರಿತ್ತು, ವಲಸಿಗರು ಬಂದಾಗ ಅವರ ಪರ ನಿಂತವರಲ್ಲಿ ಈ ಸಮುದಾಯದವರೂ ಇದ್ದರು. ಅವರಿಗೆ ಆದ ನೋವು ನಿಜವಾದ ನೋವು. ನನ್ನ ಮಟ್ಟಿಗೆ ಆ ಠರಾವು ಸರಿಯಲ್ಲ. ಹೊರಗಿನವರೆಂಬ ಅವಮಾನ ಉಂಡವರ ಕೈಗೆ ಅಧಿಕಾರ ಬಂದಾಗ ಅವರು ಇನ್ನೊಬ್ಬರನ್ನು ಹೊರಗೆ ನಿಲ್ಲಿಸಬಾರದಿತ್ತು.

ಹಾಗಂತ ಇದನ್ನು ಪೂರ್ತಿ ಧರ್ಮದ ಖಾತೆಗೆ ಹಾಕಬೇಡಿ. ಸಲಿಂಗಿಗಳಿಗೆ ರಕ್ಷಣೆ ಕೊಡುವ ನಿಯಮವನ್ನು ಇದೇ ಊರಿನ ಮತದಾರರು 2008ರಲ್ಲೇ ತಿರಸ್ಕರಿಸಿದ್ದರು, ಆಗ ಕೌನ್ಸಿಲ್‌ನಲ್ಲಿ ಮುಸ್ಲಿಮರಿಗೆ ಇನ್ನೂ ಬಹುಮತ ಇರಲಿಲ್ಲ.

ಪ್ರಶ್ನೆ: ಇಷ್ಟು ಚಿಕ್ಕ ಊರಿಗೆ ಪ್ರತ್ಯೇಕ ನಗರಾಡಳಿತ ಯಾಕೆ? ಡೆಟ್ರಾಯಿಟ್‌ಗೆ ಸೇರಿಸಿಬಿಟ್ಟರೆ ಆಗದಾ?

ಖರ್ಚಿನ ಲೆಕ್ಕ ನೋಡಿದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಪೊಲೀಸ್, ಅಗ್ನಿಶಾಮಕ, ಹಳೆ ನೌಕರರ ಪಿಂಚಣಿ ಎಲ್ಲವೂ ಈ ಪುಟ್ಟ ನಗರದ ತಲೆ ಮೇಲೆ. ಆದಾಯ ಅಂದರೆ ಆಸ್ತಿ ತೆರಿಗೆ, ಮತ್ತೆ ನಗರದ ಆದಾಯ ತೆರಿಗೆ: ನಿವಾಸಿಗಳಿಗೆ ಶೇ. 1, ಹೊರಗಿನಿಂದ ಬಂದು ದುಡಿಯುವವರಿಗೆ ಅರ್ಧ. ಕಾರ್ಖಾನೆ ಕುಂಟಿದರೆ ಖಜಾನೆಯೂ ಕುಂಟುತ್ತದೆ. 2000ದಲ್ಲಿ ರಾಜ್ಯ ಸರ್ಕಾರ ತುರ್ತು ಹಣಕಾಸು ಅಧಿಕಾರಿಯನ್ನು ಕಳಿಸಿತು. 2010ರಲ್ಲಿ ದಿವಾಳಿ ಘೋಷಿಸಲು ಅನುಮತಿ ಕೊಡಿ ಅಂತ ನಗರವೇ ಕೇಳಿತು, ರಾಜ್ಯ ಒಪ್ಪಲಿಲ್ಲ. ಜನರಲ್ ಮೋಟರ್ಸ್ ಕಾರ್ಖಾನೆಯ ತೆರಿಗೆ ಹಂಚಿಕೆಗೆ ಡೆಟ್ರಾಯಿಟ್ ಜೊತೆ ಜಗಳ ಆಗ ಜೋರಾಗಿತ್ತು. 2013ರಲ್ಲಿ ಮತ್ತೆ ಅಧಿಕಾರಿ ಬಂದರು, 2014ರ ಕೊನೆಗೆ ಹೋದರು. ಅಂಥ ಅಧಿಕಾರಿ ಇರುವಷ್ಟು ದಿನ ಆರಿಸಿ ಬಂದವರ ಮಾತಿಗೆ ಹೆಚ್ಚು ಬೆಲೆ ಇರುವುದಿಲ್ಲ.

ಆದರೂ ಸೇರಿಕೊಳ್ಳಲು ಅಲ್ಲಿನವರು ಒಪ್ಪಲಿಕ್ಕಿಲ್ಲ. ಕಸದ ಗಾಡಿ ಬರಲಿಲ್ಲ ಅಂದರೆ ನಡೆದುಕೊಂಡೇ ನಗರಸಭೆಗೆ ಹೋಗಿ ಕೇಳಬಹುದು. ಲಕ್ಷಗಟ್ಟಲೆ ಜನರ ಡೆಟ್ರಾಯಿಟ್‌ನಲ್ಲಿ ಅದು ಆಗದ ಮಾತು.